ಹೆಬ್ಬೆಟ್ಟಕ್ಕ ಒತ್ತಿದ ಮುಚ್ಚಳಗಳು

"ತಗಡಿನ ಡಬ್ಬಿಗೆ ಒಂಬತ್ತು ಕಾಸು, ಮುಚ್ಚಳದ ಅಂಟಿಗೆ ಒಂದು, ಅದನ್ನ ಒತ್ತಿ ನೋಡೋ ಹೆಂಗಸಿಗೆ ಕಾಲು. ಪ್ಲಾಸ್ಟಿಕ್ ಚೀಲಕ್ಕೆ? ಎಲ್ಲಾ ಸೇರಿ ಎರಡು. ಇನ್ಯಾವ ಯಜಮಾನ ಡಬ್ಬಿ ಮಾಡ್ತಾನೆ, ನೀವೇ ಹೇಳಿ," ಎನ್ನುತ್ತ, ತಂಬಾಕು ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದ ಮೆಷಿನ್ನಿನವನು ಬಾಗಿಲನ್ನು ಕೀಲಿನಿಂದ ಮೇಲಕ್ಕೆತ್ತಿದ. ಬಾಗಿಲು ಕಳಚದೆ ಶವಪೆಟ್ಟಿಗೆ ಹೊರಗೆ ತಿರುಗುವಂತಿರಲಿಲ್ಲ.

"ಮೆಲ್ಲಗಯ್ಯಾ, ಗೋಡೆ ಕಿತ್ತು ಬರುತ್ತೆ. ಬಾಡಿಗೆ ಮನೆ," ಎಂದು ಸೋದರಮಾವ ಇನ್ನೊಂದು ತುದಿ ಹಿಡಿದ. ಪೆಟ್ಟಿಗೆಯಲ್ಲಿದ್ದವಳು ಅವನ ಅಕ್ಕ.

"ಚೀಲದ ತಂಬಾಕು ಆರೇ ತಿಂಗಳು. ಆಮೇಲೆ ಚೀಲಾನೇ ಸೇದಿದ ಹಾಗೆ."

"ನೀನು ಯಾವಾಗ ಪೈಪ್ ಸೇದಿದ್ದು?"

"ನಾನೆಲ್ಲಿ ಸೇದಲಿ? ಮೂವತ್ತು ವರ್ಷ ಡಬ್ಬಿಗೆ ತುಂಬಿದ್ದೀನಿ, ಅಷ್ಟೆ."

ಒಳಗೆ ಮಗಳು ತಾಯಿಯ ತಲೆಯ ಬಳಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಮೊನ್ನೆ ಇಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದರು. ತಾಯಿ ಬೀಗ ಹಾಕಿ ಕೆಳಗೆ ಬಂದಳು, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಹತ್ತಿದಳು. ಇಳಿದಳು, ಹತ್ತಿದಳು. ನಾಲ್ಕನೆಯ ಸಲಕ್ಕೆ ಮಗಳು ಬೀದಿಯಿಂದಲೇ ಕೂಗಿದ್ದಳು: "ಸಾಕು ಬಾರಮ್ಮಾ! ನಿನ್ನ ಜೊತೆ ನನಗೂ ಹುಚ್ಚು ಹಿಡಿಯುತ್ತೆ!" ತಾಯಿ ಗಾಬರಿಯಲ್ಲಿ ಇಳಿದಳು. ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ಕಾಲು ಜಾರಿತು.

*

ಆಕೆ ಮೊದಲಿನಿಂದ ಹಾಗಿದ್ದವಳಲ್ಲ.

ಕಾರ್ಖಾನೆಯಲ್ಲಿ ಅವಳ ಕೆಲಸ ಮುಚ್ಚಳ ಒತ್ತುವುದು. ಒಳಗಿನ ಗಾಳಿಯನ್ನು ಅರೆಬರೆ ಎಳೆದು ಯಂತ್ರ ಮುಚ್ಚಿದ ಡಬ್ಬಿಗಳು ಪಟ್ಟಿಯ ಮೇಲೆ ಸಾಲಾಗಿ ಬರುತ್ತಿದ್ದವು. ಅವಳು ಪ್ರತಿಯೊಂದರ ನಡುಮಧ್ಯೆ ಹೆಬ್ಬೆರಳು ಊರುತ್ತಿದ್ದಳು. ಮುಚ್ಚಳ ಗಟ್ಟಿಯಾಗಿ ಒಳಗೇ ಕೂತಿದ್ದರೆ ಸರಿ. 'ಟಕ್' ಎಂದು ಪುಟಿದರೆ ಗಾಳಿ ಹೊಕ್ಕಿದೆ ಎಂದೇ ಲೆಕ್ಕ. ಪಾಳಿಗೆ ನಾಲ್ಕು ಸಾವಿರ. ಪಕ್ಕದವಳ ಜೊತೆ ಹರಟೆ ಹೊಡೆಯುತ್ತಲೇ ಒತ್ತುವಳು, ಒಂದೂ ತಪ್ಪುತ್ತಿರಲಿಲ್ಲ. ದುಂಡಗೆ ಬರೆಯಬಲ್ಲ, ಪತ್ರಿಕೆ ಓದಬಲ್ಲ ಹೆಂಗಸನ್ನು ಎಲ್ಲರೂ 'ಹೆಬ್ಬೆಟ್ಟಕ್ಕ' ಎಂದೇ ಕರೆಯುತ್ತಿದ್ದರು. ಅವಳು ನಗುತ್ತಿದ್ದಳು.

ಡಬ್ಬಿಯೊಳಗಿನ ತಂಬಾಕು ಸುಮ್ಮನಿರುವುದಿಲ್ಲ. ಕತ್ತಲಲ್ಲಿ, ತನ್ನದೇ ತೇವದಲ್ಲಿ, ಉಳಿದ ಒಂದಿಷ್ಟು ಗಾಳಿಯಲ್ಲಿ ಮಾಗುತ್ತದೆ. ನಾಲಿಗೆ ಕಚ್ಚುವ ಖಾರ ಇಳಿದು ಒಣಹಣ್ಣಿನ ಘಮ ಏರುತ್ತದೆ. ಕೂದಲೆಳೆಯಷ್ಟು ಸಂದಿಯಿದ್ದರೂ ಐದು ವರ್ಷಕ್ಕೆ ಒಣಹುಲ್ಲು. ಹೀಗೆಂದು ಎಲ್ಲರೂ ಹೇಳುತ್ತಿದ್ದರು. ಅವಳ ಮೂಗಿಗೆ ಮಾತ್ರ ಆ ಘಮ ಬಿದ್ದದ್ದೇ ಇಲ್ಲ. ಅವಳೆದುರು ತೆರೆಯುತ್ತಿದ್ದದ್ದು ಪುಟಿದ ಡಬ್ಬಿಗಳನ್ನು ಮಾತ್ರ. ಸರಿಯಿದ್ದವು ಮುಚ್ಚಿಕೊಂಡೇ ಉಗ್ರಾಣಕ್ಕೆ ಹೋಗುತ್ತಿದ್ದವು.

ಹನ್ನೊಂದು ವರ್ಷದ ಹಿಂದೆ, ಐದು ವರ್ಷ ಮಾಗಲು ಇಟ್ಟಿದ್ದ ಸರಕನ್ನು ತೆರೆದರು. ಅರ್ಧಕ್ಕಿಂತ ಹೆಚ್ಚು ಡಬ್ಬಿಗಳಲ್ಲಿ ಹುಲ್ಲು. ಮುಚ್ಚಳ ಪರೀಕ್ಷೆಯಲ್ಲಿ ಅಜಾಗರೂಕತೆ ಎಂದು ಅವಳನ್ನು ಕೆಲಸದಿಂದ ತೆಗೆಯಲು ಕಚೇರಿ ಕಾಗದ ತಯಾರಿಸಿತು. ತಪ್ಪೊಪ್ಪಿ ಸಹಿ ಹಾಕಿದರೆ ಬರಬೇಕಾದ ಹಣ ಬರುತ್ತದೆ, ಇಲ್ಲದಿದ್ದರೆ ಬರಿಗೈ.

"ನಾನು ಒತ್ತಿದಾಗ ಅವು ಸರಿಯಿದ್ವು," ಎಂದಳು ತಾಯಿ, ಊಟದ ಮೇಜಿನ ಮುಂದೆ.

"ಇರಬಹುದಮ್ಮಾ. ಆದ್ರೆ ನಿನಗೂ ವಯಸ್ಸಾಯ್ತು. ಬೆರಳು ಜಡ ಆಗಿರುತ್ತೆ. ಹಾಕಿಬಿಡು ಸಹಿ. ಬಾಡಿಗೆ ಎಲ್ಲಿಂದ ಕೊಡೋಣ?"

"ನೀನೂ ಹಾಗೇ ಅಂತೀಯಾ?"

"ಅಂತೀನಿ."

ತಾಯಿ ತಟ್ಟೆ ಎತ್ತಿಕೊಂಡು ಎದ್ದಳು. ಮರುದಿನ ಕಚೇರಿಯಲ್ಲಿ ಗುಮಾಸ್ತ ಪೆನ್ನು ಚಾಚಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿ ಮಸಿಯ ಪ್ಯಾಡು ಎಳೆದುಕೊಂಡಳು. "ತಪ್ಪು ಇದರದ್ದು ತಾನೇ? ಇದೇ ಒಪ್ಪಿಕೊಳ್ಳಲಿ," ಎಂದು ಹೆಬ್ಬೆರಳೊತ್ತಿದಳು. ಗುಮಾಸ್ತ ನಕ್ಕ. ಜೊತೆಗೆ ಹೋಗಿದ್ದ ಮಗಳಿಗೆ ನಾಚಿಕೆಯಾಯಿತು.

ಅಲ್ಲಿಂದ ಶುರು. ಒಲೆ ಆರಿದೆಯಾ, ನಲ್ಲಿ ನಿಂತಿದೆಯಾ, ಉಪ್ಪಿನ ಭರಣಿ ಮುಚ್ಚಿದೆಯಾ. ತಾನೇ ಮುಚ್ಚಿದ್ದನ್ನು ಮಗಳಿಗೆ ತೋರಿಸಿ, "ನೀನೊಂದು ಸಲ ನೋಡು, ನನ್ನ ಕೈ ನಂಬೋ ಹಾಗಿಲ್ಲ," ಎನ್ನುತ್ತಿದ್ದಳು.

*

ಮೂಗಪ್ಪ ಬಂದಾಗ ಬಾಗಿಲನ್ನು ಗೋಡೆಗೆ ಒರಗಿಸಿ ಆಗಿತ್ತು. ಕಾರ್ಖಾನೆಯಲ್ಲಿ ತಂಬಾಕಿನ ಹದ, ಬೆರಕೆ ಎಲ್ಲ ನೋಡುತ್ತಿದ್ದ ಮನುಷ್ಯ. ಮೂಗಿನಿಂದಲೇ ಅನ್ನ ತಿನ್ನುತ್ತಾನೆಂದು ಆ ಹೆಸರು. ಈಗ ಎಪ್ಪತ್ತು ದಾಟಿದೆ. ಕುರ್ಚಿಯಲ್ಲಿ ಕೂತು ಏದುಸಿರು ಇಳಿಸಿಕೊಂಡ. ಕೋಟಿನಿಂದ ಸಿಹಿಯಾದ, ಹಳೆಯ ವಾಸನೆ ಬರುತ್ತಿತ್ತು.

"ನಿಮ್ಮಮ್ಮ ಒತ್ತಿದ್ದ ಡಬ್ಬಿ," ಎಂದ ಜೇಬು ತಟ್ಟಿ. "ಹದಿನೆಂಟು ವರ್ಷದ್ದು. ಬೆಳಿಗ್ಗೆ ಅದರದ್ದೇ ಒಂದು ಪೈಪ್ ಸೇದಿ ಬಂದೆ. ಅಂಜೂರ ಕಣಮ್ಮಾ, ಅಂಜೂರ!"

ಮಗಳು ತಾಯಿಯ ಕೂದಲು ಸರಿಮಾಡಿದಳು.

"ಒಂದು ಮಾತು ಹೇಳಬೇಕಿತ್ತು. ಆ ಹಾಳಾದ ಸರಕು... ಅದು ಅವಳ ತಪ್ಪಲ್ಲ."

"ಏನು?"

"ಆ ವರ್ಷ ಅಂಟು ಬದಲಾಯಿಸಿದ್ವಿ. ಅಗ್ಗದ್ದು. ಹಾಕಿದಾಗ ಬಿಗಿಯಾಗೇ ಇರುತ್ತೆ, ಎರಡು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತೆ. ಅವಳು ಒತ್ತಿದ ದಿನ ಒಂದೊಂದು ಮುಚ್ಚಳವೂ ಸರಿಯಿತ್ತು."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಡಬ್ಬಿ ತೆಗೆದಾಗಲೇ. ಅಂಟು ಪುಡಿಪುಡಿಯಾಗಿ ಅಂಗೈಗೆ ಉದುರಿತು."

"ಯಾಕೆ ಹೇಳಲಿಲ್ಲ?"

ಮುದುಕ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸಿದ. "ಅಂಟಿಗೆ ಒಪ್ಪಿಗೆ ಬರೆದವನು ನಾನೇ. ಪಿಂಚಣಿಗೆ ಎಂಟು ತಿಂಗಳಿತ್ತು."

"ಬರೆದುಕೊಡಿ ಇದನ್ನ."

"ಯಾರಿಗಮ್ಮಾ? ಕಾರ್ಖಾನೆ ಮುಚ್ಚಿ ಆರು ವರ್ಷವಾಯ್ತು."

ಮಾವ ಚಹಾ ತಂದುಕೊಟ್ಟ. ಮೂಗಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿದ, ಸಕ್ಕರೆ ಸಾಲದೆಂದು ಇನ್ನೊಂದು ಚಮಚ ಹಾಕಿಸಿಕೊಂಡ. "ಹೇಳಿಬಿಟ್ಟೆ. ಎದೆ ಹಗುರಾಯ್ತು," ಎಂದ. ನಿಜವಾಗಿಯೂ ಹಗುರಾಗಿದ್ದ, ಬರುವಾಗಿದ್ದ ಏದುಸಿರು ಹೋಗುವಾಗ ಇರಲಿಲ್ಲ.

"ಎತ್ತೋಣವಾ? ಗಾಡಿಯವನು ಹಾರನ್ ಹೊಡೀತಿದಾನೆ," ಎಂದ ಮೆಷಿನ್ನಿನವನು.

"ಒಂದು ನಿಮಿಷ."

ಮಗಳು ಪೆಟ್ಟಿಗೆಯ ಮೇಲೆ ಬಾಗಿದಳು. ತಾಯಿಯ ಬಲಗೈಯ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಒಳಗೆ ಅಡಗಿತ್ತು. ಮಲಗಿಸಿದ ಹೆಂಗಸರು ಬಿಡಿಸಲು ನೋಡಿ ಸೋತಿದ್ದರು.

"ಅಮ್ಮಾ, ನೀನು ಒತ್ತಿದಾಗ ಸರಿಯಿತ್ತು," ಎಂದಳು ಕಿವಿಯ ಹತ್ತಿರ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದಳು.

"ಏನಂತೆ?" ಎಂದ ಮೆಷಿನ್ನಿನವನು.

"ಏನಿಲ್ಲ, ಹಿಡಿ," ಎಂದ ಮಾವ.

ಪೆಟ್ಟಿಗೆ ಓರೆಯಾಗಿ ಮೆಟ್ಟಿಲಿಗೆ ತಿರುಗಿತು. ಮಗಳು ಹಿಂದೆ ನಡೆದಳು. ಆ ಒಂದು ಮಾತು ಹೇಳಲು ಅಂಟಿನ ವಿಷಯ ಗೊತ್ತಿರಬೇಕಾಗಿರಲಿಲ್ಲ. ಅಂದು ಊಟದ ಮೇಜಿನ ಮುಂದೆ, ಏನೂ ಗೊತ್ತಿಲ್ಲದೆಯೇ ಅವಳು ಹೇಳಿಬಿಡಬಹುದಿತ್ತು.