ರೋಹಿಣಿಯ ಕೆಂಪು

ಮತ್ತೆ ಬೆಳ್ಳಗೆ, ಅಕ್ಕಿಕಾಳಿನ ಹಾಗೆ, ಆಕಾಶದಲ್ಲಿ ಬರಿಗಣ್ಣಿಗೆ ಅಷ್ಟು ಕೆಂಪಗೆ ಕಾಣುವ ರೋಹಿಣಿ ಕ್ಯಾಮೆರಾದ ಈ ಅಂಗೈಯಗಲದ ಪರದೆಗೆ ಇಳಿದದ್ದೇ ತಡ ಬಣ್ಣ ಕಳಚಿಟ್ಟು ನಿಲ್ಲುತ್ತಾಳೆ — ಪಡುವಣ ಈಗಷ್ಟೇ ಕಪ್ಪಾಗಿದೆ, ಅವಳಾಗಲೇ ಎದುರುಮನೆಯ ನೀರಿನ ಟ್ಯಾಂಕಿನತ್ತ ಜಾರುತ್ತಿದ್ದಾಳೆ, ಅದರ ಹಿಂದೆ ಹೋದಳೆಂದರೆ ಮುಗಿಯಿತು, ನಾಳೆ ಕ್ಯಾಮೆರಾ ಇರುವುದಿಲ್ಲ, ಮೈದುನ ಫೋನು ಮಾಡಿದ್ದ, ಅತ್ತಿಗೆ, ಅಣ್ಣ ಹೋದ್ಮೇಲೆ ಅದು ಸುಮ್ನೆ ಧೂಳು ತಿಂತಾ ಕೂತಿದೆ, ಬೆಳಿಗ್ಗೆ ಬಂದು ತಗೊಂಡ್ಹೋಗ್ಲಾ, ಮಗಳು ಕಲಿಬೇಕಂತಾಳೆ, ಹೂಂ ಅಂದೆ, ಇಲ್ಲವೆನ್ನಲು ಏನು ಕಾರಣವಿತ್ತು, ಚುಕ್ಕೆಯ ಹುಚ್ಚು ಅವರದು, ನನ್ನದು ಬರೀ ಬಣ್ಣ ಹೇಳುವ ಕೆಲಸ, ಕೆಂಪು ಹಸಿರು ಅವರ ಕಣ್ಣಿಗೆ ಹುಟ್ಟಿನಿಂದಲೂ ಒಂದೇ, ಅಂಥವರು ದರ್ಜಿಯಾದರು ನೋಡು, ದೇವರ ತಮಾಷೆ, ದಾರದ ಉಂಡೆಗಳನ್ನು ನಾನೇ ಸಾಲಾಗಿ ಇಟ್ಟುಕೊಡಬೇಕು, ನಾನು ತವರಿಗೆ ಹೋದಾಗ ಒಮ್ಮೆ ಕಂದು ಕೋಟಿಗೆ ಹಸಿರು ದಾರದಲ್ಲಿ ಗುಂಡಿ ಹೊಲಿದುಬಿಟ್ಟಿದ್ದರು, ಬಸ್ ಡ್ರೈವರು ಕೋಟು ಹಿಡಿದುಕೊಂಡೇ ಬಂದನಂತೆ, ಏನ್ ಯಜಮಾನ್ರೇ, ನನ್ ಕೋಟು ಚಿಗುರಿದೆಯಲ್ಲ, ದಿನಾ ನೀರು ಹಾಕ್ಬೇಕಾ, ಇವರೇ ಎಲ್ಲರಿಗಿಂತ ಜೋರಾಗಿ ನಕ್ಕರಂತೆ — ಅಂಗಡಿ ಮುಚ್ಚಿ ತಾರಸಿ ಹತ್ತಿದರೆ ಮಾತ್ರ ಮಗುವಿನ ಮುಖ, ಫೋಟೋ ತೆಗೆದು ನನ್ನತ್ತ ಚಾಚುವುದು, ಏನ್ ಬಣ್ಣ ಬಂತೇ, ಬಿಳೀನೇ ರೀ, ಹಾಗಾದ್ರೆ ಬೆಳಕು ಸಾಲ್ಲಿಲ್ಲ, ಕ್ಯಾಮೆರಾ ಕಣ್ಣು ಇನ್ನೂ ಸ್ವಲ್ಪ ಹೊತ್ತು ತೆರೆದಿಡೋಣ, ಇನ್ನೂ ಹೊತ್ತು, ಇನ್ನೂ ಬಿಳಿ, ವರ್ಷಗಟ್ಟಲೆ ಇದೇ ಕಥೆ, ಕೊನೆಗೆ ಆಸ್ಪತ್ರೆಯ ಮಂಚದ ಮೇಲೂ, ರೋಹಿಣಿ ಕೆಂಪು ಅಂತೀಯಲ್ಲ, ಒಂದ್ಸಲ ಫೋಟೋದಲ್ಲಿ ಹಿಡಿ, ನಂಗೆ ಕಾಣಲ್ಲ ಬಿಡು, ನೀನ್ ನೋಡಿ ಹೇಳು, ಸಾಕು.

ಒಲೆಯ ಮೇಲೆ ಹಾಲು ಉಕ್ಕಿ ಹರಿದ ಹಾಗಲ್ಲವೇ ಇದು, ಕ್ಯಾಮೆರಾದೊಳಗೆ ಕೆಂಪಿಗೊಂದು ಹಸಿರಿಗೊಂದು ನೀಲಿಗೊಂದು ಬಟ್ಟಲಿದ್ದಂತೆ ಎಂದು ಅವರೇ ಹೇಳಿದ್ದರು, ಬೆಳಕು ಸುರಿಯುತ್ತಲೇ ಇದ್ದರೆ ಮೂರೂ ತುಂಬಿ ತುಳುಕುತ್ತವೆ, ತುಂಬಿ ತುಳುಕಿದ ಮೇಲೆ ಯಾವುದು ಹೆಚ್ಚು ಯಾವುದು ಕಡಿಮೆ, ಎಲ್ಲ ಸಮ, ಎಲ್ಲ ಬಿಳಿ — ಅಯ್ಯೋ ದೇವರೇ, ಕಡಿಮೆ ಮಾಡಬೇಕಾದಲ್ಲಿ ನಾವಿಬ್ಬರೂ ಸುರಿಯುತ್ತಲೇ ಹೋದೆವಲ್ಲ, ಹದಿನೈದು ಸೆಕೆಂಡು ಬೇಡ, ಎರಡು ಸಾಕು, ಕ್ಯಾಮೆರಾದ ಹಸಿವೂ ತಗ್ಗಲಿ, ಐಎಸ್‌ಒ ಮೂರು ಸಾವಿರದ ಇನ್ನೂರರಿಂದ ನಾನೂರಕ್ಕೆ, ಲೆನ್ಸಿನ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚುಕ್ಕೆ ಕೊಂಚ ಮಸುಕಾದೀತು, ಆಗಲಿ, ಒಂದೇ ಕಡೆ ಬಿದ್ದು ಉಕ್ಕುವ ಬೆಳಕು ಹರಡಿಕೊಂಡು ತಣ್ಣಗೆ ಕೂರಲಿ, ಟ್ಯಾಂಕಿನ ಅಂಚು ಬಂದೇಬಿಟ್ಟಿತು, ನಿಲ್ಲು ತಾಯಿ, ಒಂದು ಗಳಿಗೆ ನಿಲ್ಲು, ಉಸಿರು ಹಿಡಿದು ಒತ್ತಿದೆ — ಕೆಂಪು, ಕೆಂಪೇ, ಊದಿದ ಕೆಂಡದ ಒಡಲಿನಂಥ ಕೆಂಪು, ಬಂತು ರೀ ಎಂದು ಅವರು ನಿಲ್ಲುತ್ತಿದ್ದ ಎಡಗಡೆಗೆ ತಿರುಗಿಬಿಟ್ಟೆ, ತಿರುಗಿದ ಕತ್ತು ಹಾಗೇ, ಕೆಂಡ ಅಂದರೆ ಅವರಿಗೆ ಏನು ತಿಳಿದೀತು, ಬೇರೆ ಹೇಗೆ ಹೇಳಲಿ, ಬಿಸಿ ಅನ್ನಲೇ, ಹತ್ತಿರ ಅನ್ನಲೇ, ಅಂಗೈ ಕೊಡಿ ಅನ್ನಲೇ, ಪರದೆ ತಾನಾಗಿ ಆರಿತು, ಒತ್ತಿದೆ, ಕೆಂಪು ಚುಕ್ಕೆ, ಆರಿತು, ಒತ್ತಿದೆ, ಕೆಂಪು ಚುಕ್ಕೆ, ಕೇಳಿ ರೀ, ಏನ್ ಬಣ್ಣ ಅಂತ ಒಂದ್ಸಲ ಕೇಳಿ, ಆರಿತು, ಒತ್ತಿದೆ, ಕೆಂಪು ಚುಕ್ಕೆ