ಬಳಕೆಗೆ ಮಾತ್ರ

ನನ್ನ ಅಕ್ಕ ಮಂಗಳೂರಿನ ಒಂದು ಕಾನ್ವೆಂಟಿನ ಗೋಡೆಯಾಚೆ ಕಾಲಿಡದ ಸನ್ಯಾಸಿನಿ. ದೇವರು ಕರೆದ ಎಂದು ಊರೆಲ್ಲ ಹೇಳಿತು. ಕರೆದದ್ದು ಅಲ್ಲಿನ ಲೈಬ್ರರಿ ಎಂದು ನನಗೆ ಮೊದಲಿನಿಂದಲೂ ಗುಮಾನಿ. ಹಿಂದೆ ಹಡಗಿನಲ್ಲಿ ಬಂದ ಸಿಸ್ಟರುಗಳು ತಂದ ಪುಸ್ತಕಗಳು ಅಲ್ಲಿ ಕಪಾಟು ತುಂಬ ಇವೆ. ಆದರೆ ಒಂದೂ ಯಾರ ಸ್ವಂತದ್ದಲ್ಲ. ಮೊದಲ ಪುಟದಲ್ಲಿ ‘ಸಿಸ್ಟರ್ ಇಂಥವರ ಬಳಕೆಗೆ’ ಎಂದಷ್ಟೇ ಬರೆಯುತ್ತಾರೆ. ಹೊಸ ವರ್ಷದ ದಿನ ಚೀಟಿ ಎತ್ತಿ, ಕೈಯಲ್ಲಿದ್ದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಯಾವುದರ ಮೇಲೂ ಆಸೆ ಅಂಟಬಾರದಂತೆ.

ಅಕ್ಕನ ಕಣ್ಣು ಮಂಜಾಗುತ್ತಾ ಬಂತು. ಡಾಕ್ಟರು ಕೈಚೆಲ್ಲಿದರು. ದೊಡ್ಡ ಅಕ್ಷರವಾದರೆ ಇನ್ನು ಕೆಲವು ತಿಂಗಳು ಓದಬಹುದು ಎಂದರು. ಆಗ ನಾನು ಬಹರೈನಿನ ಗುದೈಬಿಯಾದಲ್ಲಿದ್ದೆ. ಮನಾಮದ ಪುಸ್ತಕದಂಗಡಿಯವನ ಬೆನ್ನು ಬಿದ್ದು ತೊಗರಿಬೇಳೆಯಷ್ಟು ದಪ್ಪ ಅಕ್ಷರದ ಒಂದು ಪುಸ್ತಕ ತರಿಸಿ ಕಳುಹಿಸಿದೆ. ದೋಣಿಯಲ್ಲಿ ಕಡಲು ದಾಟಲು ಹೊರಟ ಒಬ್ಬ ಸನ್ಯಾಸಿನಿಯ ಕಥೆ.

ಅಕ್ಕ ಅದರ ಅರ್ಧ ಓದುವಷ್ಟರಲ್ಲಿ ಹೊಸ ವರ್ಷ ಬಂತು. ಪುಸ್ತಕ ಚೀಟಿಯಲ್ಲಿ ಹೋದದ್ದು ಕನ್ನಡಕವೂ ಬೇಕಿಲ್ಲದ ಇಪ್ಪತ್ತರ ಹುಡುಗಿಗೆ. ಅಕ್ಕನ ಪಾಲಿಗೆ ಬಂದದ್ದು ಇರುವೆ ಸಾಲಿನಂಥ ಅಕ್ಷರದ ಹಳೆಯ ಪ್ರಾರ್ಥನಾ ಪುಸ್ತಕ. ಅಕ್ಕ ಬರೆಸಿದ ಕಾಗದದಲ್ಲಿ ಅದನ್ನು ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕಾನ್ವೆಂಟಿನ ಮುಖ್ಯಸ್ಥೆ ಮದರ್‌ಗೆ ಫೋನ್ ಮಾಡಿ ಜಗಳವಾಡಿದೆ. ಅವರು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, ನಿಯಮ ಎಲ್ಲರಿಗೂ ಒಂದೇ ಎಂದರು. ಅವರ ಸಮಾಧಾನಕ್ಕೆ ನನಗೆ ಇನ್ನೂ ಸಿಟ್ಟು ಬಂತು.

ಬಿಡುವವಳಲ್ಲ ನಾನು. ಅದೇ ಪುಸ್ತಕ ಇನ್ನೊಂದು ತರಿಸಿದೆ. ಪಕ್ಕದ ಫ್ಲ್ಯಾಟಿನ ಮೈಮೂನಳ ಗಂಡ ರಜೆಗೆ ಊರಿಗೆ ಹೊರಟಿದ್ದ. ಅವನ ಕೈಯಲ್ಲಿ ಕಳುಹಿಸಲು ಪಾರ್ಸೆಲ್ ಕಟ್ಟಿಟ್ಟೆ.

“ಕಾರ್ಮಿನ್ ಬಾಯಿ, ಇದೂ ಚೀಟಿಗೆ ಹೋದರೆ ಎಂತ ಮಾಡ್ತೀರಿ?” ಎಂದಳು ಮೈಮೂನ.

ಮೂರನೆಯದು ತರಿಸುತ್ತೇನೆ ಎಂದೆ.

ಅಕ್ಕನಿಗೆ ಫೋನಿಗೆ ಬರಲು ಅನುಮತಿ ಇರುವುದು ಈಸ್ಟರಿಗೆ ಮತ್ತು ಕ್ರಿಸ್‌ಮಸ್ಸಿಗೆ. ಅದೂ ಪ್ರಾರ್ಥನೆಯ ಗಂಟೆಯವರೆಗೆ ಮಾತ್ರ. ಗಂಟೆ ಕೇಳಿದರೆ ಬರೆಯುತ್ತಿರುವ ಅಕ್ಷರವನ್ನೂ ಅರ್ಧಕ್ಕೆ ಬಿಟ್ಟು ಏಳುವ ಪದ್ಧತಿ ಅವರದ್ದು. ಈಸ್ಟರಿನ ದಿನ ಪುಸ್ತಕದ ಸಂಗತಿ ಹೇಳಿದೆ.

“ಕಳಿಸಬೇಡ ಕಾರ್ಮಿನ್. ನೀನು ಕಳಿಸಿದಷ್ಟು ಸಲ ನಾನು ಬಿಟ್ಟುಕೊಡಬೇಕು. ಒಂದು ಸಲಕ್ಕೇ ನನಗೆ ಸಾಕಾಗಿಹೋಗಿದೆ.”

ಇಷ್ಟು ದಿನ ನಾನು ಹೊಡೆದಾಡಿದ್ದು ಯಾರ ಜೊತೆ ಎಂದೇ ತಿಳಿಯಲಿಲ್ಲ.

ಆಮೇಲೆ ಅವಳೇ ದನಿ ತಗ್ಗಿಸಿ ಕೇಳಿದಳು. “ಪುಸ್ತಕ ಅಲ್ಲೇ ಉಂಟಾ? ಬಿರುಗಾಳಿಯಲ್ಲಿ ಆ ದೋಣಿ ಎಂತಾಯ್ತು, ಸ್ವಲ್ಪ ಓದು. ನನಗೆ ಇನ್ನು ಓದ್ಲಿಕ್ಕೆ ಆಗುದಿಲ್ಲ.”

ಕಟ್ಟಿದ್ದ ಪಾರ್ಸೆಲ್ ಹರಿದೆ. ಪುಟ ಹುಡುಕುವುದರಲ್ಲೇ ಹೊತ್ತು ಹೋಯಿತು. ಓದತೊಡಗಿದೆ. ಅಲೆ ದೋಣಿಯೊಳಗೆ ನುಗ್ಗಿತು, ಹುಟ್ಟು ಮುರಿಯಿತು, ಅವಳು ಕೈಯಿಂದಲೇ ನೀರು ತೋಡತೊಡಗಿದಳು. ಅಕ್ಕನ ಉಸಿರು ಕೇಳುತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ಗಂಟೆ ಬಾರಿಸಿತು.

“ಅಕ್ಕ, ಇನ್ನೊಂದೇ ಸಾಲು” ಎಂದೆ.

ಫೋನ್ ಇಟ್ಟಾಗಿತ್ತು. ದೋಣಿ ದಡ ಸೇರಿದ್ದು ಆ ಸಾಲಿನಲ್ಲೇ ಇತ್ತು.