ನುಂಗಿದ ತುತ್ತು

ಕೋಳಿಸಾರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಒಳಗೆ ಎಷ್ಟೇ ಸುಡುತ್ತಿದ್ದರೂ ಹಬೆ ಏಳುವುದಿಲ್ಲ. ಒಲೆ ಊದುತ್ತಲೇ ಮುದಿಯಾಗುತ್ತಿದ್ದ ಹಾಲಮ್ಮನಿಗೆ ಇದು ತಿಳಿಯದ್ದೇನಲ್ಲ. ಆದರೆ ಹೊಸನಗರದ ಕಡೆಯ ಆ ಗಂಡಿನ ಮನೆಯಲ್ಲಿ ಎಲ್ಲರ ಕಣ್ಣೂ ಅವಳ ಎಲೆಯ ಮೇಲೆಯೇ ಇತ್ತು. ಗಡಿಬಿಡಿಯಲ್ಲಿ ಕಡುಬನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು.

ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು ಎನ್ನುತ್ತಾರೆ. ಹೆಣ್ಣಿನ ತಾಯಿಗೆ ಅಷ್ಟು ಯೋಚಿಸುವ ಪುರುಸೊತ್ತಾದರೂ ಎಲ್ಲಿ? ಮನೆ ನೋಡಲು ಹೋದವರು ತುತ್ತನ್ನು ಎಲೆಗೆ ಉಗಿದರೆ ಅಪಶಕುನ, ಸಂಬಂಧ ಅಲ್ಲಿಗೇ ಮುಗಿಯಿತು. ಗಂಡ ಸತ್ತಿದ್ದ. ಊರು ಶರಾವತಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ನೆಂಟರೆಲ್ಲ ದಿಕ್ಕಾಪಾಲಾಗಿದ್ದರು. ಮಗಳು ಯಮುನಳಿಗೊಂದು ಮನೆ ಹುಡುಕುತ್ತ ಅಲೆದಲೆದು ಹಾಲಮ್ಮ ಸೋತುಹೋಗಿದ್ದಳು. ಇನ್ನೊಂದು ಬಾಗಿಲು ತಟ್ಟುವ ತ್ರಾಣ ಅವಳಲ್ಲಿರಲಿಲ್ಲ. ನುಂಗಿದಳು. ಎದೆಯೊಳಗೆ ಕೆಂಡ ಇಳಿಯಿತು. ಕಣ್ಣೀರು ಬಂದದ್ದಕ್ಕೆ "ಖಾರ ಚಲೋ ಐತೆ" ಎಂದು ನಕ್ಕಳು.

ಸಾಗರದ ಡಾಕ್ಟರು ಅನ್ನನಾಳ ಸುಟ್ಟಿದೆ, ತಣ್ಣನೆಯ ಹಾಲು, ಗಂಜಿ ಬಿಟ್ಟು ಬೇರೇನೂ ಕೂಡದು ಎಂದರು. ಅದೂ ಇಳಿಯುವಾಗ ಚುಚ್ಚುತ್ತಿತ್ತು. ಹಸಿವಾದರೇ ಬೇಸರವಾಗುವಂತಾಯಿತು.

ಅಷ್ಟರಲ್ಲಿ ಗಂಡಿನ ಕಡೆಯವರು ಹಾಲಮ್ಮನ ಮನೆಗೆ ಮರುಭೇಟಿಗೆ ಬಂದರು. ಬೀಗಿತ್ತಿಯರಿಬ್ಬರೂ ಪಕ್ಕದಲ್ಲಿ ಕೂತು ಉಂಡ ಮೇಲೆಯೇ ವೀಳ್ಯ ಬದಲಾಯಿಸಿ ಸಂಬಂಧ ಗಟ್ಟಿಮಾಡುವುದು ಪದ್ಧತಿ. ಹುಡುಗನ ತಾಯಿ ದುಗ್ಗಮ್ಮ, ಹಾಲಮ್ಮ ಮುಟ್ಟದೆ ಬಿಟ್ಟ ಎಲೆಯನ್ನು ನೋಡಿದಳು.

"ಎಂತಕ್ಕೆ ಉಣ್ತಿಲ್ಲ? ನಮ್ಮ ಸಂಬಂಧ ಮನಸಿಗೆ ಬರ್ಲಿಲ್ವಾ?"

ಹಾಲಮ್ಮ ಕಡುಬು ಮುರಿದು ಬಾಯಿಗೆ ತಂದಳು. ಬಡಿಸುತ್ತಿದ್ದ ಯಮುನ ಆ ಕೈ ಹಿಡಿದುಕೊಂಡಳು.

"ಬ್ಯಾಡ ಅವ್ವ. ದುಗ್ಗಮ್ಮತ್ತೆ, ನಿಮ್ಮನೇಲಿ ಸುಡೋ ತುತ್ತು ನುಂಗಿ ಅವ್ವಂಗೆ ಒಳಗೆಲ್ಲ ಸುಟ್ಟೋಗೈತೆ. ಗಂಜಿ ಬಿಟ್ಟು ಏನೂ ಇಳಿಯಲ್ಲ."

ಎಲ್ಲ ಹಾಳಾಯಿತು ಎಂದುಕೊಂಡಳು ಹಾಲಮ್ಮ. ಮಗಳ ಮೇಲೆ ಸಿಟ್ಟಾಗುವುದಕ್ಕೂ ಶಕ್ತಿ ಉಳಿದಿರಲಿಲ್ಲ.

ದುಗ್ಗಮ್ಮ ಊಟ ಬಿಟ್ಟು ಎದ್ದಳು. ಕೈ ತೊಳೆದು ಅಡುಗೆಮನೆಗೆ ನಡೆದು, ಒಲೆಯ ಪಕ್ಕದಲ್ಲಿದ್ದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಬಂದು ಹಾಲಮ್ಮನ ಪಕ್ಕದಲ್ಲೇ ಕೂತಳು. ಅಗುಳನ್ನು ಬೆರಳಿನಿಂದ ಹಿಸುಕತೊಡಗಿದಳು.

"ಅವತ್ತೇ ಉಗಿಬಾರ್ದಿತ್ತಾ?"

"ಉಗಿದಿದ್ರೆ ನೀವು ಇವತ್ತು ಬರ್ತಿದ್ರಾ?"

ದುಗ್ಗಮ್ಮ ತಲೆ ಎತ್ತಲಿಲ್ಲ. "ಇಲ್ಲ," ಎಂದಳು. "ಬರ್ತಿರ್ಲಿಲ್ಲ."

ಹಾಲಮ್ಮನಿಗೆ ಅಳು ತಡೆಯಲಾಗಲಿಲ್ಲ. ದುಗ್ಗಮ್ಮ ಗಂಜಿ ಆರಿದೆಯೇ ಎಂದು ತಾನೇ ಒಂದು ಗುಟುಕು ಕುಡಿದು ನೋಡಿ, ಅದೇ ಬಟ್ಟಲನ್ನು ಅವಳ ಕೈಗೆ ಕೊಟ್ಟಳು.